ಕರಡಿಯ ಹಿಂಗಾಲು

ಬ್ರಹ್ಮಾವರ
9 ಜೂನ್ 2024, ಭಾನುವಾರ

ಮಹಾಸಭೆಯೇ! ಮುಂದಿನ ಸಾಲಿನಲ್ಲಿ ಬಾಯಿ ತೆರೆದು ನಿಂತ ಕಾಟ್ಲಾಗಳೇ, ನಡುವೆ ಸಾಲುಗಟ್ಟಿದ ರೋಹುಗಳೇ, ಹಿಂದೆ ಕೆಸರಿನಲ್ಲಿ ಜಾಗ ಹಿಡಿದ ಹುಲ್ಲುಗೆಂಡೆಗಳೇ! ಮೀನು ಸಾಕುವ ಕೆರೆಯ ಕಾವಲಿಗೆ ಕೂತು ಈ ಕಾಗದ ಬಿಚ್ಚಿದ ಚಂದಯ್ಯನೇ, ಪಕ್ಕದಲ್ಲಿ ಕಿವಿಗೊಟ್ಟು ಕೂತ ಅವನ ಹೆಂಡತಿ, ನನಗೆ ತಂಗಿಯಂಥ ಅಮ್ಮಣಿಯೇ! ಸದ್ದು ಸದ್ದು! ಗೋವರ್ಧನನ ಪ್ರವೇಶವಾಗಿದೆ!

ಚಪ್ಪಾಳೆ ಬೇಡ. ನನಗೆ ಕಾಯಿಲೆ.

ಹೆದರಬೇಡಿ. ಮಗಳು ನಿಖಿತಾ ಒತ್ತಾಯ ಮಾಡಿ ಹೊಟ್ಟೆಯ ಸ್ಕ್ಯಾನ್ ಮಾಡಿಸಿದಳು. ಪಿತ್ತಜನಕಾಂಗದಲ್ಲಿ ಕೊಬ್ಬು ಕೂತಿದೆಯಂತೆ. 'ನಾನು ಕುಡಿಯುವವನಲ್ಲವಲ್ಲ, ಡಾಕ್ಟರೇ' ಎಂದು ಗುಡುಗಿದೆ. ಹೊರಗೆ ಸಾಲಿನಲ್ಲಿ ಕೂತಿದ್ದ ಮಗುವೊಂದು ಅತ್ತಿತು. ಡಾಕ್ಟರ್ ದೀಕ್ಷಾ ಎಂಬ ಆ ಹುಡುಗಿ ಒಂದಿಷ್ಟೂ ಅಲುಗಾಡಲಿಲ್ಲ. 'ಕುಡಿಯದವರಿಗೂ ಬರ್ತದೆ ಅಜ್ಜ. ಅನ್ನ, ಸಿಹಿ, ಕೂತಲ್ಲೇ ಕೂರುವುದು. ಎಂಟು ಕಿಲೋ ಇಳಿಸಿ, ದಿನಾ ಬೆಳಿಗ್ಗೆ ಒಂದು ಗಂಟೆ ನಡೆಯಿರಿ, ಅದೇ ದೊಡ್ಡ ಮದ್ದು' ಅಂದಳು. ಆಮೇಲೆ ನನ್ನ ಪಿತ್ತದ ಹರಿವು ಸ್ವಲ್ಪ ನಿಧಾನ ಎಂದು ಒಂದು ಮಾತ್ರೆ ಬರೆದಳು. ಅದರೊಳಗೆ ಇರುವುದು ಏನು ಗೊತ್ತೋ? ಪಿತ್ತಾಮ್ಲ!

ಕೇಳು ಚಂದಯ್ಯ, ಇದೊಂದು ನಾಟಕವೇ ಸರಿ. ಪಿತ್ತಜನಕಾಂಗ ಪಿತ್ತವನ್ನು ತಯಾರಿಸಿ ಕರುಳಿಗೆ ಕಳಿಸುತ್ತದೆ. ಅದು ಅಲ್ಲಿ ತಿಂದ ಕೊಬ್ಬನ್ನು ಕರಗಿಸಿ, ಕರುಳಿನ ಕೊನೆಯಲ್ಲಿ ರಕ್ತಕ್ಕೆ ಸೇರಿ, ಮತ್ತೆ ಹೊರಟಲ್ಲಿಗೇ ಬರುತ್ತದೆ. ಒಬ್ಬನೇ ಪಾತ್ರಧಾರಿ, ದಿನಕ್ಕೆ ಆರೇಳು ಪ್ರವೇಶ! ಬರುವಾಗ ಬರಿಗೈಯಲ್ಲಿ ಬರುವುದಿಲ್ಲ, 'ಸಾಕು, ಇನ್ನು ಕೊಬ್ಬು ಕಟ್ಟಬೇಡ' ಎಂಬ ಸುದ್ದಿಯನ್ನೂ ತರುತ್ತದಂತೆ. ಆ ಸುದ್ದಿಯನ್ನೇ ಮದ್ದು ಮಾಡಲು ದೊಡ್ಡದೊಡ್ಡವರು ಪ್ರಯತ್ನದಲ್ಲಿದ್ದಾರೆ, ಫಲ ಇನ್ನೂ ಪೂರ್ತಿ ಕೈಗೆ ಬಂದಿಲ್ಲ ಎಂದಳು. ಎಲ್ಲಕ್ಕಿಂತ ದೊಡ್ಡ ಮಾತು ಈಗ ಬರುತ್ತದೆ, ಕುರ್ಚಿ ಹಿಡಿದುಕೋ. ನನ್ನ ಮಾತ್ರೆಯಲ್ಲಿರುವ ಪಿತ್ತಾಮ್ಲವನ್ನು ಹಿಂದಿನವರು ಮೊದಲು ಕಂಡದ್ದು ಎಲ್ಲಿ? ಕರಡಿಯ ಪಿತ್ತದಲ್ಲಿ!

ಕರಡಿ, ಚಂದಯ್ಯ! 'ಈಗ ಕಾರ್ಖಾನೆಯಲ್ಲಿ ಮಾಡ್ತಾರೆ ಅಜ್ಜ, ಕರಡಿಗೆ ಯಾರೂ ಕೈ ಹಾಕುವುದಿಲ್ಲ' ಎಂದು ಅವಳು ಹೇಳುತ್ತಿದ್ದರೂ ನನಗೆ ಕೇಳಿಸಲಿಲ್ಲ. ಹದಿನಾಲ್ಕು ವರ್ಷ ಮಂಡಳಿಯ ಆಟದಲ್ಲಿ ನಾನೂ ನೀನೂ ಒಂದೇ ಕರಡಿ ವೇಷದ ಹೊಟ್ಟೆಯಲ್ಲಿದ್ದವರಲ್ಲವೇ? ಕಪ್ಪು ಕಂಬಳಿ, ಸೆಣಬಿನ ಕೂದಲು. ನಾನು ಮುಂಗಾಲು, ನೀನು ನನ್ನ ಸೊಂಟ ಹಿಡಿದ ಹಿಂಗಾಲು. ನಿನಗೆ ಕತ್ತಲೆ ಬಿಟ್ಟು ಏನೂ ಕಾಣುತ್ತಿರಲಿಲ್ಲ. ನಾನು ಒಳಗೇ 'ಎಡ' ಎಂದರೆ ಎಡ, 'ಬಲ' ಎಂದರೆ ಬಲ. ಒಂದು ದಿನವೂ ಹೆಜ್ಜೆ ತಪ್ಪಲಿಲ್ಲ ನೀನು.

ಹಾಲಾಡಿಯ ಆಟದ ದಿನ ಕರಡಿ ಪಾತ್ರಕ್ಕೆಂದು ತಂದ ಸನ್ಮಾನದ ಶಾಲನ್ನು ನನಗೊಬ್ಬನಿಗೇ ಹೊದಿಸಿದರು. ಕರಡಿ ಕುಸಿಯಬಾರದೆಂದು ನೀನು ಒಳಗೇ ಬಗ್ಗಿ ನಿಂತಿದ್ದೆ. ಆಮೇಲೆ ಬಣ್ಣದ ಕೋಣೆಯಲ್ಲಿ ನಾನು 'ಹಿಂಗಾಲಿಗೆ ಯಾರಾದರೂ ಶಾಲು ಹೊದಿಸ್ತಾರಾ?' ಎಂದೆ. ಜಗಳ ಬೆಳೆದು ಇಬ್ಬರೂ ದೀಪದ ಮೇಲೆ ಕೈಯಿಟ್ಟು ಆಣೆ ಹಾಕಿದೆವು: ಇನ್ನು ಯಾರು ಮೊದಲು ಮಾತಾಡಿಸಿದರೂ ಅವನ ಸ್ವರ ಹೋಗಲಿ. ಹತ್ತೊಂಬತ್ತು ವರ್ಷವಾಯಿತು. ಕಾಗದ ಮಾತಲ್ಲ ಎಂದು ನಾವೇ ತೀರ್ಪು ಕೊಟ್ಟುಕೊಂಡು ಬರೆಯುತ್ತ ಬಂದಿದ್ದೇವೆ.

ನಿನ್ನ ಹೊಟ್ಟೆಯೂ ನನ್ನದೇ ಅಳತೆಯದು. ಸ್ಕ್ಯಾನ್ ಮಾಡಿಸು.

ಇತಿ,
ಎಂದಿನಂತೆ ಮುಂದೆ ನಿಂತಿರುವ
ಗೋವರ್ಧನ

*

ಬೈಂದೂರು
23 ಜೂನ್ 2024

ಗೋವರ್ಧನನಿಗೆ ಚಂದಯ್ಯ ಬರೆದ್ದ್.

ನಿನ್ ಕಾಗ್ದ ಓದಿ ಹೇಳ್ದೆ. ಅಮ್ಮಣಿ ನೆಗಾಡಿ ನೆಗಾಡಿ ಎಲೆಅಡ್ಕಿ ನುಂಗಿ ಕೆಮ್ಮಿದ್ಲ್. ಮೀನ್‌ಗಳಿಗೂ ಓದಿ ಹೇಳ್ದೆ. ಅವು ನಿನ್ ಅಭಿಮಾನಿಗಳಲ್ಲ, ಹಿಂಡಿ ಹಾಕ್ತ್ರಾ ಅಂದ್ಹೇಳಿ ಕಾಂತಾ ಇದ್ದೊ.

ಕುಂದಾಪುರದಲ್ ಒಂದ್ ಆರೋಗ್ಯ ಶಿಬಿರ ಇದ್ದಿತ್, ಹೋಯಿ ಬಂದೆ. ನಂಗೂ ಅದೇ ಕಾಯ್ಲೆ. ನಿನ್ಕಿಂತ ಒಂದ್ ಮೆಟ್ಲ್ ಮೇಲೆ, ಎರಡ್ನೇ ದರ್ಜೆ ಅಂಬ್ರ್. ಮೊದಲ್ನೇ ಸಲ ನಿನ್ಕಿಂತ ಮುಂದೆ ಬಂದೆ ಕಾಣ್. ಆದ್ರೆ ಮಾತ್ರೆ ಕೊಡ್ಲಿಲ್ಲ. ನಡಿ, ಅನ್ನ ಕಮ್ಮಿ ಮಾಡ್, ಶೇಂದಿ ಬಿಡ್ ಅಂದ್ರ್. ಅಷ್ಟೇ. ಮುಂಗಾಲಿಗೆ ಕರಡಿ ಪಿತ್ತ, ಹಿಂಗಾಲಿಗೆ ಬರೀ ನಡ್ಗೆ. ಇದ್ ಹೊಸ್ತಲ್ಲ ಬಿಡ್.

ಒಂದ್ ಕೇಂತೆ. ಆಯ್ತವಾರ ಬಂದವ್ರಿಗೆ ಮೀನ್ ಕೊಯ್ದ್ ಕೊಡುದ್ ನಾನೇ. ಪಿತ್ತದ್ ಚೀಲ ಒಡೀದಂಗೆ ತೆಗ್ದ್, ಕಾಕಿಗೆ ಬಿಸಾಡುದ್. ಒಂದಿನಕ್ಕೆ ನಲ್ವತ್ತ್ ಪಿತ್ತ ಬಿಸಾಡ್ತೆ. ಅದೂ ಪಿತ್ತವೇ ಅಲ್ದಾ? ನೀನ್ ಓದ್ದವ, ದೊಡ್ಡ್ ಡಾಕ್ಟ್ರ ಹತ್ರ ಮಾತಾಡ್ದವ. ಎಂತ ಹೇಳ್ತೆ?

ಚಂದಯ್ಯ

*

ಬ್ರಹ್ಮಾವರ
4 ಜುಲೈ 2024

ಕೆರೆಯಂಗಳದ ಸಭಿಕರಿಗೆ ನಮಸ್ಕಾರ!

ತೂಕ ಎರಡು ಕಿಲೋ ಇಳಿದಿದೆ. ಬೆಳಿಗ್ಗೆ ಛತ್ರಿ ಹಿಡಿದು ನಡೆಯುತ್ತೇನೆ. ನಾನು ಗಂಟಲು ಸರಿಮಾಡಿಕೊಂಡರೆ ಸಾಕು, ನಿಲ್ದಾಣದ ಆಟೋದವರು 'ಅಜ್ಜ ಡೈಲಾಗ್ ಬಿಡ್ತ್ರ್' ಎಂದು ಎಂಜಿನ್ ಆಫ್ ಮಾಡುತ್ತಾರೆ. ಅಮ್ಮಣಿ, ನೀನು ಮಾಡುವ ಹುರುಳಿ ಸಾರಿನ ವಿಧಾನ ನಿಖಿತಾಳಿಗೆ ಬೇಕಂತೆ, ಬರೆಸಿ ಕಳಿಸು.

ಚಂದಯ್ಯ, ಜೊತೆಗೆ ಇನ್ನೊಂದು ಹಾಳೆ ಮಡಚಿ ಇಟ್ಟಿದ್ದೇನೆ. ಅದು ನಿನಗೊಬ್ಬನಿಗೆ. ಓದಿ ಒಲೆಗೆ ಹಾಕು.

ಇತಿ,
ಗೋವರ್ಧನ

(ಮಡಚಿದ ಹಾಳೆ)

ಪಿತ್ತದ ಬಗ್ಗೆ ಕೇಳಿದೆಯಲ್ಲ. ಕೇಳು. ನಮ್ಮ ಮಂಡಳಿಯಲ್ಲಿ ಬಣ್ಣ ಹಚ್ಚುತ್ತಿದ್ದ ಮುದುಕನ ನೆನಪುಂಟಾ? ಕಣ್ಣಿಗೆ ಒಳ್ಳೆಯದೆಂದು ಹಸಿ ಮೀನುಪಿತ್ತ ನುಂಗುತ್ತಿದ್ದ, ತೊಂಬತ್ತು ದಾಟಿ ಬದುಕಿದ. ಮಾತ್ರೆ ಎಂದರೆ ಅದೇ ಪಿತ್ತವನ್ನು ಒಣಗಿಸಿ, ಬಳಲಿಸಿ, ಡಬ್ಬಿಗೆ ತುಂಬಿದ್ದು. ಹಸಿಯ ಜೋರು ಅದಕ್ಕೆಲ್ಲಿ?

ಯಾರಿಗೂ ಹೇಳಬೇಡ. ಹೋದ ವಾರ ಗಂಗೊಳ್ಳಿ ಬಂದರಿಗೆ ಹೋಗಿ, ದೊಡ್ಡದೊಂದು ಮೀನಿನ ಪಿತ್ತವನ್ನು ನಾನೇ ನುಂಗಿದೆ. ಕಹಿಯೆಂದರೆ ಕಹಿ! ಕಣ್ಣೆದುರು ಹಸಿರು ಪರದೆ ಇಳಿದಂತಾಯಿತು. ಆಮೇಲೆ ಹೊಟ್ಟೆಯೊಳಗೆ ಏನೋ ಎದ್ದು, ಮೈ ಮುರಿದು, ಮಗ್ಗುಲು ಬದಲಿಸಿ ಮಲಗಿತು. ಮಾರನೆಯ ದಿನದಿಂದ ಮೈ ಹಗುರ. ನೀನು ನಿನ್ನಿಷ್ಟ ನೋಡಿಕೋ.

*

ಬ್ರಹ್ಮಾವರ
28 ಜುಲೈ 2024

ಚಂದಯ್ಯ,

ಮೂರು ವಾರವಾಯಿತು, ನಿನ್ನ ಕಾಗದವಿಲ್ಲ. ಸಭೆಯನ್ನು ಕರೆಯುವ ಉತ್ಸಾಹ ಇವತ್ತು ನನಗೂ ಇಲ್ಲ.

ಮತ್ತೆ ಸ್ಕ್ಯಾನ್ ಆಯಿತು. ತೂಕ ನಾಲ್ಕು ಕಿಲೋ ಇಳಿದದ್ದಕ್ಕೆ ಕೊಬ್ಬು ಕರಗತೊಡಗಿದೆಯಂತೆ. 'ಮಾತ್ರೆಯಿಂದಲಾ?' ಎಂದು ಕೇಳಿದೆ. 'ನಿಮ್ಮ ಕಾಲುಗಳಿಂದ, ಅಜ್ಜ' ಅಂದಳು ದೀಕ್ಷಾ.

ಕಾಲುಗಳ ಮಾತು ಬಂದದ್ದಕ್ಕೆ ಹೇಳುತ್ತೇನೆ, ನಗಬೇಡ. ನಾನು ನಡೆಯುವುದು ಗದ್ದೆಯಂಚಿನ ಡಾಂಬರು ರಸ್ತೆಯಲ್ಲಿ. ಬೆಳಕು ಹರಿದಿರುತ್ತದೆ, ಹಾಲಿನ ಡಬ್ಬ ಹಿಡಿದವರು ಎದುರು ಸಿಗುತ್ತಾರೆ. ಹದಿನೈದು ದಿನದಿಂದ ನನ್ನ ಹಿಂದೆ ಇನ್ನೆರಡು ಕಾಲು ನಡೆಯುತ್ತಿವೆ. ನಾನು ಎಡಗಾಲು ಊರಿದ ಮೇಲೆ, ಒಂದು ಮಾತ್ರೆಯ ತಾಳ ತಡವಾಗಿ, ಅದರ ಎಡಗಾಲು. ಬಲ. ಆಮೇಲೆ ಅದರ ಬಲ. ನಿಂತರೆ ನಿಲ್ಲುತ್ತದೆ. ತಿರುಗಿದರೆ ಒದ್ದೆ ರಸ್ತೆ, ಒಂದು ಬೆಳ್ಳಕ್ಕಿ. ಆ ತಾಳ ನನಗೆ ಗೊತ್ತು, ಚಂದಯ್ಯ. ಹದಿನಾಲ್ಕು ವರ್ಷ ನನ್ನ ಬೆನ್ನ ಹಿಂದೆ ಕೇಳಿದ ತಾಳ ಅದು. ನಿನ್ನೆ ಸೊಂಟದ ಎರಡೂ ಬದಿಯಲ್ಲಿ ಹಿಡಿದ ಹಾಗೂ ಆಯಿತು. ಮನೆಗೆ ಬಂದು ಅಂಗಿ ಎತ್ತಿ ನೋಡಿದರೆ, ನಿಖಿತಾ 'ಎಂತ ಅಪ್ಪಯ್ಯ, ಕನ್ನಡಿ ಎದುರು ಕುಣಿತ್ರಿ?' ಎಂದು ನಕ್ಕಳು.

ನೀನು ಸುಖವಾಗಿದ್ದೀಯಲ್ಲ? ಎರಡು ಸಾಲು ಬರೆ.

ಗೋವರ್ಧನ

*

ಬೈಂದೂರು
11 ಆಗಸ್ಟ್ 2024

ಗೋವರ್ಧನಾ,

ಹಾಳಿ ಒಲೆಗೆ ಹಾಕ್ದೆ. ಅಮ್ಮಣಿಗೆ ಗೊತ್ತಿಲ್ಲೆ.

ನಾಲ್ಕ್ ಆಯ್ತವಾರ ಆಯ್ತ್. ಸಣ್ಣ್ ರೋಹುದ್ ಪಿತ್ತ ಒಂದೊಂದೇ ನುಂಗ್ದೆ, ಬಿಸಿನೀರಂಗೆ. ಅರ್ಧ ಗಂಟ್ಯಲ್ ವಾಂತಿ. ಹೊಟ್ಟೆ ಹಿಂಡ್ತ್. ನಿಂಗೂ ಹಸ್ರ್ ಪರದೆ ಇಳ್ದಿತ್ ಅಂದ್ಯಲೆ, ಹಾಂಗಾರೆ ಮದ್ದ್ ಹಿಡೀತಾ ಇತ್ತ್ ಅಂದ್ಹೇಳಿ ಸುಮ್ನಾದೆ. ನಂಗೆ ಒಂದೇ ಸಂಶ್ಯ. ಆ ವಾರ ಬಂದರ್ ಬಂದ್ ಅಲ್ದಾ? ಮಳಿಗಾಲ ಅಂದ್ಹೇಳಿ ಎರಡ್ ತಿಂಗ್ಳ್ ಬೋಟೇ ನೀರಿಗ್ ಇಳಿಲಿಲ್ಲ. ನಿಂಗೆ ದೊಡ್ಡ್ ಮೀನ್ ಯಾರ್ ಕೊಟ್ರ್? ಆಮೇಲ್ ನಾನೇ ಹೇಳ್ಕಂಡೆ, ನಾಡದೋಣಿದ್ ಇರ್ಕ್ ಅಂದ್ಹೇಳಿ. ನೀನ್ ಎಡ ಅಂದ್ರೆ ನಾ ಯಾವತ್ತ್ ಕಣ್ಣ್ ಬಿಟ್ಟ್ ಕಂಡಿದ್ದೆ?

ಇನ್ನೊಂದ್. ಮೊನ್ನೆ ಸಂಜಿಗೆ ಹಿಂಡಿ ಹಾಕುಕೆ ಹೋದಾಗ ಆಚಿ ದಂಡಿ ಮೇಲೆ ಕರಡಿ ನಿಂತ್ಕಂಡಿತ್. ನಮ್ದೇ. ಸೆಣಬಿನ್ ಕೂದ್ಲ್, ಎಡ್ಗಿವಿ ಹರ್ದದ್ದೂ ಹಾಂಗೇ ಇತ್ತ್. ಮುಂದಿನ ಎರಡ್ ಕಾಲ್ ಗಟ್ಟಿ ಊರಿತ್. ಹಿಂದ್ಗಡೆ ಎಂತ ಇಲ್ಲೆ. ಖಾಲಿ ಕಂಬ್ಳಿ, ಮಣ್ಣಂಗೆ ಎಳ್ಕಂಡ್ ಬತ್ತಿತ್. ಅದ್ ತಿರ್ಗಿ ನನ್ನ ಕಂಡಿತ್. ಕಂಬ್ಳಿ ಅಂಚ್ ಸ್ವಲ್ಪ ಎತ್ತಿ ಹಿಡ್ದಿತ್, ಒಳಗ್ ಬಾ ಅಂಬಂಗೆ. ಮೀನ್ ಎಲ್ಲ ಈಚಿ ದಂಡಿಗ್ ಬಂದ್ ಒಟ್ಟ್ ಸೇರಿದ್ದೊ, ಒಂದೂ ಬಾಲ ಅಲ್ಗಾಡ್ಸ್ಲಿಲ್ಲ.

ಹೆದ್ರಿಕಿ ಆಯ್ಲಿಲ್ಲ. ಬೇಜಾರ್ ಆಯ್ತ್. ಅಷ್ಟ್ ವರ್ಷ ಆ ಜಾಗ ಯಾರೂ ತುಂಬ್ಲಿಲ್ಲ ಅಲೆ.

ನೀನ್ ನಡೀತಾ ಇಪ್ಪತಿಗೆ ಹಿಂದ್ ಬಪ್ಪುದ್ ನಾನೇ ಆಯಿಕ್. ನಾನೂ ದಿನಾ ಆರ್ ಗಂಟಿಗೆ ದಂಡಿ ಮೇಲೆ ನಡೀತೆ.

ಕೆರಿ ಯಜಮಾನ್ರ್ ಈ ತಿಂಗ್ಳ್ ಕೊನಿಗೆ ದೊಡ್ಡ್ ಬಲೆ ಹಾಕ್ಸ್ತ್ರಂಬ್ರ್. ಹುಲ್ಲುಗೆಂಡೆ ಒಂದ್ ಇತ್ತ್, ಏಳ್ ಕಿಲೋ ಮೇಲೆ. ಅದ್ರದ್ದ್ ಬಿಡುದಿಲ್ಲ.

ಚಂದಯ್ಯ

*

ಬ್ರಹ್ಮಾವರ
16 ಆಗಸ್ಟ್ 2024

ಚಂದಯ್ಯ,

ನಿಲ್ಲಿಸು. ನಿನಗೆ ಅಷ್ಟು ಸಾಕು. ದೊಡ್ಡದಕ್ಕೆ ಕೈ ಹಾಕಬೇಡ. ಯಾಕೆಂದು ಕೇಳಬೇಡ. ನಾನು ಹೇಳುತ್ತಿದ್ದೇನೆ, ನಿಲ್ಲಿಸು.

ಗೋವರ್ಧನ

*

ಬೈಂದೂರು
23 ಆಗಸ್ಟ್ 2024

ಗೋವರ್ಧನಾ,

ನಿನ್ನ ಕಾಗ್ದ ಬಂತ್. ಸಣ್ಣದ್ದೆಲ್ಲ ನುಂಗುವತಿಗೆ ಸುಮ್ನಿದ್ದೆ. ದೊಡ್ಡದ್ ಬಪ್ಪ ಹೊತ್ತಿಗೆ ಚಂದಯ್ಯಂಗೆ ಸಾಕ್. ಹಾಲಾಡಿಯಂಗೂ ಹೀಂಗೇ ಅಂದಿದ್ದೆ ಅಲ್ದಾ, ಶಾಲ್ ಬಂದಾಗ? ನೀನ್ ಮಾತ್ರ ದೊಡ್ಡ್ ಮೀನಿಂದ್ ನುಂಗ್ಲಕ್ಕ್, ಗಟ್ಟಿ ಆಯ್ಲಕ್ಕ್. ಕಾರಣ ಕೇಂಬುಕೂ ಇಲ್ಲೆ.

ಆಯ್ತವಾರ ಬಲೆ. ಅದ್ರ್ ಪಿತ್ತ ನಂದ್.

ಕರಡಿ ಈಗ ದಿನಾ ಬತ್ತ್. ನಿನ್ನೆ ಅಂಗ್ಳದ್ ತನ್ಕ ಬಂದಿತ್.

ಚಂದಯ್ಯ

*

ಬ್ರಹ್ಮಾವರ
31 ಆಗಸ್ಟ್ 2024, ಶನಿವಾರ ಸಂಜೆ

ಚಂದಯ್ಯ,

ಈ ಕಾಗದದಲ್ಲಿ ಸಭೆ ಇಲ್ಲ, ಮೀನುಗಳಿಲ್ಲ. ನೀನು, ಅಮ್ಮಣಿ, ನಾನು ಮಾತ್ರ.

ನಿನ್ನ ಕೊನೆಯ ಕಾಗದ ಸೋಮವಾರವೇ ಬರಬೇಕಿತ್ತು. ಅಷ್ಟಮಿಯ ರಜೆ. ಮಂಗಳವಾರ ಹನ್ನೊಂದು ಗಂಟೆಗೆ ಅಂಚೆಯವನು ಕೊಟ್ಟ. ಓದಿ ಅಲ್ಲೇ ಮೆಟ್ಟಿಲ ಮೇಲೆ ಕೂತೆ. ನಿಖಿತಾ ಕೈಯಿಂದ ಕಾಗದ ತೆಗೆದುಕೊಂಡು ಓದಿದಳು. ಹಿಂದಿನದನ್ನೂ ಕೇಳಿದಳು, ಕೊಟ್ಟೆ. ಅವಳು ಸ್ಕೂಟರ್ ತೆಗೆದು ನನ್ನನ್ನು ಹಿಂದೆ ಕೂರಿಸಿಕೊಂಡು ದೀಕ್ಷಾಳ ಹತ್ತಿರ ಕರೆದುಕೊಂಡು ಹೋದಳು.

ದೀಕ್ಷಾ ಓದುತ್ತ ಓದುತ್ತ ಎದ್ದು ನಿಂತಳು. 'ಪಿತ್ತ ಎಲ್ಲಾ ಒಂದೇ ಅಂತ ಯಾರು ಹೇಳಿದ್ದು ಇವರಿಗೆ? ಒಂದೊಂದು ಪ್ರಾಣಿಯ ಪಿತ್ತ ಒಂದೊಂದು ತರ. ಈ ಗೆಂಡೆ, ರೋಹು ಜಾತಿಯದ್ದು ಮನುಷ್ಯನಿಗೆ ವಿಷ ಅಜ್ಜ, ಬೇಯಿಸಿದರೂ ವಿಷ. ಲಿವರ್ ಕೆಡಿಸ್ತದೆ, ಎರಡು ಮೂರು ದಿನದಲ್ಲಿ ಕಿಡ್ನಿ ನಿಂತು ಹೋಗ್ತದೆ. ಫೋನ್ ಮಾಡಿ, ಈಗಲೇ' ಎಂದಳು.

ಯಾರು ಹೇಳಿದ್ದು ಎಂಬ ಪ್ರಶ್ನೆಗೂ, ಆಮೇಲೆ ಕೇಳಿದ 'ನೀವೂ ನುಂಗಿದ್ದೀರಾ?' ಎಂಬುದಕ್ಕೂ ನಾನು ನಿಖಿತಾಳ ಫೋನಿನ ಕಡೆ ಕೈ ತೋರಿಸಿದೆ. ಅವಳೂ ಕಾಯಲಿಲ್ಲ.

ನಿಖಿತಾ ಫೋನ್ ಹಚ್ಚಿದಳು. ಅಮ್ಮಣಿ ಎತ್ತಿದಳು. ಅವಳ ಮಾತು ನನಗೂ ಕೇಳುತ್ತಿತ್ತು: 'ಆಯ್ತವಾರದಿಂದ ವಾಂತಿ ಮಗಾ. ನಿನ್ನೆಯಿಂದ ಮೂತ್ರ ಹೋಯ್ಲಿಲ್ಲ. ಮುಖ ಊದ್ಕಂಡಿತ್. ಆಟೋ ತರ್ಸಿ ನಿಲ್ಸಿದ್ದೆ, ಇವ್ರ್ ಏಳುದೇ ಇಲ್ಲೆ. ಕಂಬ್ಳಿ ಹೊದ್ಕಂಡ್, ಗ್ವಾಡಿಗೆ ಮುಖ ಮಾಡಿ, ಬಗ್ಗಿ ನಿಂತ್ಕಂಡ್ ಇದ್ರ್. ಮುಂದಿನವ ಹೇಳ್ದೆ ನಾ ಹೆಜ್ಜಿ ಕಿತ್ತುದಿಲ್ಲ ಅಂತ್ರ್. ಮೂರ್ ಜನ ಎಳ್ದ್ರೂ ಅಲ್ಗಾಡುದಿಲ್ಲೆ. ಎಂತ ಮಾಡುದ್ ಮಗಾ?'

ನಿಖಿತಾ ನನ್ನ ಕಡೆ ನೋಡಿದಳು. ಮುಂದಿನವನು ಯಾರೆಂದು ಅವಳಿಗೆ ಗೊತ್ತಿತ್ತು. ಆಣೆಯೂ ಗೊತ್ತಿತ್ತು.

ಚಂದಯ್ಯ, ನನ್ನ ಹತ್ತಿರ ಸ್ವರ ಬಿಟ್ಟು ಬೇರೇನಿದೆ? ಆ ಕ್ಷಣ ನಾನು ಅದನ್ನೇ ಯೋಚಿಸಿದೆ. ಇಲ್ಲ ಎಂದು ಸುಳ್ಳು ಹೇಳಲಾರೆ. ಎರಡು ಉಸಿರಿನಷ್ಟು ಹೊತ್ತು ಯೋಚಿಸಿದೆ.

ಫೋನ್ ತೆಗೆದುಕೊಂಡೆ. 'ಅಮ್ಮಣೀ, ಅವನ ಕಿವಿಗೆ ಹಿಡಿ' ಎಂದೆ. ಆಮೇಲೆ ಆ ಚಿಕ್ಕ ಕೋಣೆಯಲ್ಲಿ, ರಕ್ತದೊತ್ತಡದ ಯಂತ್ರದ ಎದುರಲ್ಲಿ, ಎಷ್ಟು ಸ್ವರವಿದೆಯೋ ಅಷ್ಟನ್ನೂ ಎತ್ತಿ ಕೂಗಿದೆ: 'ಚಂದಯ್ಯಾ! ಎಡ!'

ಆಮೇಲೆ ನೆಲದ ಮೇಲೆ ಕಾಲೊಂದು ಊರಿದ ಸದ್ದು.

'ಬಲ! ಎಡ! ಹೊಸಿಲಿದೆ, ಕಾಲೆತ್ತು! ಬಲ!'

ನಿನ್ನ ಈಗಿನ ಮನೆಯನ್ನು ನಾನು ಕಂಡವನಲ್ಲ. ಎಲ್ಲಿ ಹೊಸಿಲು, ಎಲ್ಲಿ ಮೆಟ್ಟಿಲು ಎಂದು ನನ್ನ ಬಾಯಿಗೆ ಯಾರು ಹೇಳಿಕೊಟ್ಟರೋ ತಿಳಿಯದು. ಮೂರು ಮೆಟ್ಟಿಲು ಎಂದೆ, ಮೂರೇ ಇದ್ದವಂತೆ. ನಿನ್ನ ಒಂದೊಂದು ಹೆಜ್ಜೆಯ ಜೊತೆಗೆ, ಒಂದು ತಾಳ ಮೊದಲು, ಇನ್ನೊಂದು ಹೆಜ್ಜೆ ಫೋನಿನಲ್ಲಿ ಕೇಳುತ್ತಿತ್ತು. ಭಾರವಾದದ್ದು. ಆಟೋದ ಬಾಗಿಲು ಹಾಕಿದ ಸದ್ದು ಬಂದ ಮೇಲೆ ನಿಲ್ಲಿಸಿದೆ. ಬಾಯಿ ತೆರೆದೇ ಇತ್ತು. ಸ್ವರ ಇರಲಿಲ್ಲ.

ಅಮ್ಮಣಿ ಆಮೇಲೆ ನಿಖಿತಾಳಿಗೆ ಹೇಳಿದಳಂತೆ: 'ಅಂಗ್ಳದ್ ಕೆಸ್ರಂಗೆ ಇವ್ರದ್ದ್ ಎರಡ್ ಕಾಲಿನ್ ಗುರ್ತ್ ಇತ್ತ್. ಅದ್ರ್ ಮುಂದೆ ಬೇರೆ ಎರಡ್ ಇತ್ತ್. ನಾ ಯಾರಿಗೂ ಹೇಳುಕ್ ಹೋಯ್ಲಿಲ್ಲ, ನೀರ್ ಹಾಕಿ ತೊಳ್ದೆ.'

ಗಂಟಲಿನ ಸ್ವರತಂತುವಿಗೆ ಪೆಟ್ಟಾಗಿದೆ, ಎರಡು ವಾರ ಪಿಸುಗುಟ್ಟಲೂ ಕೂಡದು ಎಂದಿದ್ದಾಳೆ ದೀಕ್ಷಾ. ಸ್ವರ ಬಂದರೆ ಬರಬಹುದು, ಬಾರದೆಯೂ ಇರಬಹುದು. ಆಣೆಯ ಮಾತನ್ನು ಅವಳಿಗೆ ನಾನು ಬರೆದು ತೋರಿಸಲಿಲ್ಲ. ಬೆಳಗಿನ ನಡಿಗೆಯನ್ನು ಬಿಟ್ಟಿಲ್ಲ. ಈಗ ನನ್ನ ಹಿಂದೆ ಯಾರೂ ಇಲ್ಲ. ಮುಂದೆ ಇದ್ದಾರೆ. ಖಾಲಿ ರಸ್ತೆಯಲ್ಲಿ, ಎರಡು ಮಾರು ಮುಂದೆ, ಎಡ, ಬಲ, ಎಡ. ನಾನೇ ತಾಳ ಹಿಡಿದು ಹಿಂದಿನಿಂದ ನಡೆಯುತ್ತಿದ್ದೇನೆ. ಒಂದು ದಿನ ಅದು ಗದ್ದೆಗೆ ಇಳಿಯಿತು. ಮೊಣಕಾಲು ನೀರಿನಲ್ಲಿ ನಿಂತ ಮೇಲೆಯೇ ನನಗೆ ಎಚ್ಚರವಾದದ್ದು. ಕಣ್ಣು ಮುಚ್ಚಿ ಒಬ್ಬರ ಹಿಂದೆ ನಡೆಯುವುದೆಂದರೆ ಹೇಗಿರುತ್ತದೆಂದು ಅರವತ್ತೆಂಟನೆಯ ವಯಸ್ಸಿನಲ್ಲಿ ತಿಳಿಯಿತು.

ನಿನಗೆ ಮೂರು ಸಲ ಡಯಾಲಿಸಿಸ್ ಆಗಿದೆಯಂತೆ. ಕುಂದಾಪುರದ ವೈದ್ಯರು, ಇಂಥವರಲ್ಲಿ ಹೆಚ್ಚಿನವರ ಮೂತ್ರಪಿಂಡ ಕೆಲವು ವಾರಗಳಲ್ಲಿ ಮತ್ತೆ ಏಳುತ್ತದೆ, ಆದರೆ ಇನ್ನೊಮ್ಮೆ ಆ ವಿಷ ಒಳಗೆ ಹೋದರೆ ನಮ್ಮ ಕೈಯಲ್ಲಿಲ್ಲ ಎಂದರಂತೆ. ಯಾರು ಹೇಳಿ ನುಂಗಿದ್ದು ಎಂದು ಕೇಳಿದ್ದಕ್ಕೆ ನೀನು 'ನಂದೇ ಬುದ್ಧಿ' ಎಂದೆಯಂತೆ. ಅಮ್ಮಣಿ ಹೊರಗೆ ಬೆಂಚಿನ ಮೇಲೆ ಕೂತು, 'ಗೋವರ್ಧನಣ್ಣ ಸ್ವರ ಕೊಟ್ಟ್ ಇವ್ರ ಜೀವ ಉಳ್ಸ್ಕೊಟ್ರ್' ಎಂದು ಬಂದವರಿಗೆಲ್ಲ ಹೇಳುತ್ತಿದ್ದಾಳಂತೆ.

ನಿನ್ನೆ ನಿಖಿತಾ ನಿನ್ನನ್ನು ನೋಡಲು ಬಂದಿದ್ದಳಲ್ಲ. ಅಮ್ಮಣಿ ಚಹಾ ತರಲು ಹೋದಾಗ ನೀನು ಅವಳ ಕೈ ಹಿಡಿದು ಹೇಳಿದೆಯಂತೆ: 'ನಿನ್ನ ಅಪ್ಪಯ್ಯಂಗೆ ಎಂತ ಆಯ್ಲಿಲ್ಲ ಅಲ್ದಾ ಮಗಾ? ಹಾಂಗಾರೆ ಪಿತ್ತದ್ದ್ ತಪ್ಪಿಲ್ಲೆ. ನಂದೇ ಹೆಜ್ಜಿ ತಪ್ಪಿತ್. ಮನಿಗ್ ಹೋಯಿ, ಸಣ್ಣದ್ರಿಂದ ಮತ್ತ್ ಶುರು ಮಾಡ್ತೆ.'

ಅವಳು ಮನೆಗೆ ಬಂದು ನನ್ನೆದುರು ನಿಂತಳು. 'ಚಂದಯ್ಯ ಮಾವ ಹಾಂಗ್ ಎಂತಕ್ ಅಂದ್ರ್, ಅಪ್ಪಯ್ಯ? ಅವ್ರ ಕಾಗ್ದದಲ್ಲೂ ಹಾಂಗೇ ಇದ್ದಿತ್. ನೀವೂ ಪಿತ್ತ ನುಂಗಿದ್ರ್ಯಾ?' ಎಂದು ಕೇಳಿದಳು. ನಾನು ಗಂಟಲು ತೋರಿಸಿ ಕೈ ಆಡಿಸಿದೆ. ಸ್ವರ ಹೋದದ್ದು ಎಷ್ಟು ಅನುಕೂಲ ನೋಡು! ಅವಳು ಪೆನ್ನು, ಹಾಳೆ ತಂದು ಮೇಜಿನ ಮೇಲಿಟ್ಟು ಒಳಗೆ ಹೋದಳು. ನಿನ್ನೆಯಿಂದ ಅದು ಖಾಲಿ ಬಿದ್ದಿತ್ತು. ಆ ಹಾಳೆಯಲ್ಲೇ ಬರೆಯುತ್ತಿದ್ದೇನೆ.

ನಾನು ನುಂಗಲಿಲ್ಲ, ಚಂದಯ್ಯ.

ಗಂಗೊಳ್ಳಿಗೆ ಹೋಗಲೇ ಇಲ್ಲ. ನೀನು ಕೇಳಿದ್ದು ಸರಿ, ಆಗ ಬೋಟೇ ನೀರಿಗಿಳಿದಿರಲಿಲ್ಲ. ಹಸಿರು ಪರದೆಯನ್ನು ನಾನು ಮನೆಯ ಜಗಲಿಯಲ್ಲಿ ಚಹಾ ಕುಡಿಯುತ್ತ ಕಟ್ಟಿದೆ. ಹೊಟ್ಟೆಯೊಳಗೆ ಮಗ್ಗುಲು ಬದಲಿಸಿದ ಪ್ರಾಣಿಯನ್ನೂ ಅಲ್ಲೇ ಕಟ್ಟಿದೆ. ಬರೆದು ಮುಗಿಸಿ, ಚೆನ್ನಾಗಿ ಬಂತೆಂದು ಒಮ್ಮೆ ಗಟ್ಟಿಯಾಗಿ ಓದಿಕೊಂಡೆ. ನಿನಗೆ ಮಾತ್ರೆ ಸಿಗದ ಸಂಕಟವನ್ನು ಕಂಡು ಬರೆದದ್ದಲ್ಲ. ನೀನು 'ಓದಿದವ, ನೀನೇ ಹೇಳು' ಎಂದೆಯಲ್ಲ, ಅದಕ್ಕೆ ಬರೆದೆ. ನೀನು ವಾಂತಿಯ ಸುದ್ದಿ ಬರೆದಾಗ ನನಗೆ ಗೊತ್ತಾಯಿತು, ಏನೋ ತಪ್ಪಾಗಿದೆ ಎಂದು. ಆಗಲೂ 'ನಿಲ್ಲಿಸು' ಎಂದೆನೇ ಹೊರತು 'ನಾನು ಸುಳ್ಳು ಹೇಳಿದ್ದೆ' ಎನ್ನಲಿಲ್ಲ. ಆ ಒಂದು ವಾಕ್ಯ ಬರೆದಿದ್ದರೆ ನೀನು ಬಯ್ಯುತ್ತಿದ್ದೆ, ಕಾಗದ ಬಿಡುತ್ತಿದ್ದೆ, ಆದರೆ ಆ ಮೀನಿಗೆ ಕೈ ಹಾಕುತ್ತಿರಲಿಲ್ಲ.

ಅಮ್ಮಣಿ, ನಿನ್ನ ಗಂಡ ಒಲೆಗೆ ಹಾಕಿದ ಹಾಳೆಯಲ್ಲಿ ಇದ್ದದ್ದು ಇದು. ಬರೆದವನು ನಾನು. ಮನೆಗೆ ಹೋದ ಮೇಲೆ ಇವನನ್ನು ಮೀನು ಕೊಯ್ಯಲು ಕೂರಿಸಬೇಡ. ಇವನು ನಡೆಯಲಿ, ಅನ್ನ ಕಡಿಮೆ ಮಾಡಲಿ, ಡಾಕ್ಟರು ಮೊದಲ ದಿನ ಹೇಳಿದ್ದು ಅಷ್ಟೇ ಇತ್ತು, ಅಷ್ಟೇ ಸಾಕಿತ್ತು.

ಇದನ್ನು ಅಂಚೆಗೆ ಹಾಕುವುದಿಲ್ಲ. ನಾಳೆ ಬೆಳಿಗ್ಗೆ ಆರೂಕಾಲರ ಬಸ್ಸಿಗೆ ನಿಖಿತಾಳ ಜೊತೆ ಹೊರಟು ಕುಂದಾಪುರಕ್ಕೆ ಬರುತ್ತೇನೆ. ಬೆಂಚಿನಲ್ಲಿ ಕೂತ ಅಮ್ಮಣಿಯ ಕೈಗೆ ಈ ಹಾಳೆಯನ್ನು ಕೊಟ್ಟು, ನಿಖಿತಾಳ ಬಾಯಿಂದ ಮೊದಲಿನಿಂದ ಕೊನೆಯವರೆಗೆ ಓದಿಸುತ್ತೇನೆ. ಓದಿ ಮುಗಿಯುವ ತನಕ ಅಮ್ಮಣಿಯ ಎದುರಿನಲ್ಲಿ ನಿಂತಿರುತ್ತೇನೆ.

ಗೋವರ್ಧನ